ಕಿರುಪದಗಳ ಕಿತಾಪತಿ

ಮಾಲೂರಿನ ಯುವಕನೊಬ್ಬನಿಗೆ ಬೆಂಗಳೂರಿನ ಕಚೇರಿಯೊಂದರಿಂದ ಇಂಗ್ಲಿಷ್ ಕಾಗದ ಬಂದಿತೆಂದು ಇಟ್ಟುಕೊಳ್ಳಿ. ಅದರಲ್ಲಿರುವುದು ಒಂದೇ ಸಾಲು: ‘ದಿ ಇಂಟರ್‌ವ್ಯೂ ಹ್ಯಾಸ್ ಬೀನ್ ಕಾಲ್ಡ್ ಆಫ್.’ ‘ಕಾಲ್’ ಎಂದರೆ ಕರೆ ಎಂಬುದನ್ನು ಅವನು ಚಿಕ್ಕಂದಿನಲ್ಲೇ ಕಲಿತವನು. ಅಂದಮೇಲೆ ಸಂಶಯವೇಕೆ? ಸಂದರ್ಶನಕ್ಕೆ ಕರೆ ಬಂದಿದೆ! ತಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಾಳೆ. ತಂದೆ ಕೈಗಡ ಮಾಡಿ ಹೊಸ ಷರಟು ಕೊಡಿಸುತ್ತಾನೆ. ಬೆಳಗಿನ ರೈಲು ಹತ್ತಿ ಹೋದ ಹುಡುಗನಿಗೆ ಅಲ್ಲಿ ಕಾಣುವುದು ಮುಚ್ಚಿದ ಬಾಗಿಲು. ಸಂದರ್ಶನ ರದ್ದಾಗಿದೆಯೆಂದೇ ಕಾಗದ ಹೇಳಿತ್ತು. ‘ಆಫ್’ ಎಂಬ ಅಂಗೈಯಗಲದ ಪದ ಇಡೀ ಸಾಲಿನ ಅರ್ಥವನ್ನು ತಲೆಕೆಳಗು ಮಾಡಿತ್ತು.

ಕತೆ ಕಲ್ಪಿತವಾದರೂ ಕಷ್ಟ ಕಲ್ಪಿತವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. ಆದರೆ ಮುಂದೆ ನರಸಾಪುರದ ಕಾರ್ಖಾನೆಯಲ್ಲಿ ಯಂತ್ರದ ಮೇಲಿನ ಸೂಚನೆಯನ್ನೋದುವಾಗ, ಬೆಂಗಳೂರಿನ ಕಚೇರಿಯಲ್ಲಿ ಅಧಿಕಾರಿಯ ಮಾತನ್ನು ಕೇಳುವಾಗ, ಆ ದ್ವಿತೀಯ ಭಾಷೆಯೇ ಪ್ರಥಮವಾಗಿ ಎದುರು ನಿಲ್ಲುತ್ತದೆ. ಅಲ್ಲಿ ಎಡವಿಸುವುದು ದೊಡ್ಡ ದೊಡ್ಡ ಪದಗಳಲ್ಲ. ದೊಡ್ಡ ಪದಕ್ಕೆ ನಿಘಂಟು ಇದೆ. ಎಡವಿಸುವುದು ಅಪ್, ಆಫ್, ಆನ್, ಔಟ್, ಡೌನ್ ಎಂಬ ಕಿರುಪದಗಳು.

‘ಪುಟ್’ ಎಂದರೆ ಇಡು, ಹಾಕು. ‘ಪುಟ್ ಆನ್’ ಎಂದರೆ ತೊಟ್ಟುಕೊ. ‘ಪುಟ್ ಆಫ್’ ಎಂದರೆ ಮುಂದೂಡು. ‘ಪುಟ್ ಔಟ್’ ಎಂದರೆ ಬೆಂಕಿಯನ್ನು ನಂದಿಸು. ‘ಪುಟ್ ಅವೇ’ ಎಂದರೆ ಎತ್ತಿಡು. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಒಂದೇ ಧಾತು, ಐದು ವೇಷ! ಇದು ಪರಭಾಷಿಕರಿಗೆ ಬಹಳ ತೊಡಕಿನ ವಿಷಯವೆಂದು ಇಂಗ್ಲಿಷಿನ ಸುಪ್ರಸಿದ್ಧ ನಿಘಂಟುಕಾರ ಸ್ಯಾಮ್ಯುಯಲ್ ಜಾನ್‌ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆದ್ದರಿಂದ ಕೋಲಾರದ ವಿದ್ಯಾರ್ಥಿ ತನ್ನ ಬುದ್ಧಿಯನ್ನು ಹಳಿದುಕೊಳ್ಳಬೇಕಾದುದಿಲ್ಲ.

ಇಂಥ ವೇಷ ಬದಲಾವಣೆ ಭಾರತೀಯರಿಗೆ ಹೊಸದೂ ಅಲ್ಲ. ಸಂಸ್ಕೃತದ ‘ಹೃ’ ಧಾತುವಿನ ಮುಂದೆ ಬೇರೆ ಬೇರೆ ಉಪಸರ್ಗ ಸೇರಿದಾಗ ಆಹಾರ, ವಿಹಾರ, ಪ್ರಹಾರ, ಪರಿಹಾರ, ಸಂಹಾರಗಳಾಗುತ್ತವೆ. ಉಣ್ಣುವುದಕ್ಕೂ ಕೊಲ್ಲುವುದಕ್ಕೂ ನಡುವೆ ಇರುವ ಅಂತರ ಒಂದು ಉಪಸರ್ಗ ಮಾತ್ರ. ಸಂಸ್ಕೃತ ಅದನ್ನು ಧಾತುವಿನ ತಲೆಗೆ ಕಟ್ಟಿತು. ಇಂಗ್ಲಿಷ್ ಬಾಲಕ್ಕೆ ಕಟ್ಟಿತು.

ತೊಡಕಿನ ಮೂಲವೆಂದರೆ ಇಂಗ್ಲಿಷಿನ ಒಂದೇ ಕಿರುಪದ ಎರಡು ಮನೆಯಲ್ಲಿ ಚಾಕರಿ ಮಾಡುತ್ತದೆ. ‘ಹೀ ಟರ್ನ್ಡ್ ಆಫ್ ದಿ ಲೈಟ್’ ಎಂದರೆ ಅವನು ದೀಪವನ್ನು ಆರಿಸಿದ. ‘ಹೀ ಟರ್ನ್ಡ್ ಆಫ್ ದಿ ಹೈವೇ’ ಎಂದರೆ ಅವನು ಹೆದ್ದಾರಿಯಿಂದ ಪಕ್ಕಕ್ಕೆ ತಿರುಗಿದ. ಮೊದಲನೆಯದರಲ್ಲಿ ‘ಆಫ್’ ಕ್ರಿಯಾಪದದ ಕೈ ಹಿಡಿದಿದೆ, ಅದು ಕ್ರಿಯಾವಿಶೇಷಣ. ಎರಡನೆಯದರಲ್ಲಿ ಅದು ಮುಂದಿನ ನಾಮಪದದ ಕೈ ಹಿಡಿದಿದೆ, ಅದು ಪ್ರಿಪೊಸಿಷನ್. ಗುರುತು ಹಿಡಿಯುವ ಉಪಾಯ ಸುಲಭ. ಮೊದಲನೆಯ ‘ಆಫ್’ ಅನ್ನು ವಾಕ್ಯದ ಕೊನೆಗೆ ಸರಿಸಿ ‘ಟರ್ನ್ಡ್ ದಿ ಲೈಟ್ ಆಫ್’ ಎನ್ನಬಹುದು. ‘ಲೈಟ್’ ಬದಲು ‘ಇಟ್’ ಎಂದರಂತೂ ಸರಿಸಲೇಬೇಕು: ‘ಟರ್ನ್ಡ್ ಇಟ್ ಆಫ್’. ಎರಡನೆಯದನ್ನು ಹೀಗೆ ಸರಿಸಿದರೆ ಮುಳಬಾಗಿಲಿನ ಹೆದ್ದಾರಿಗೇ ಸ್ವಿಚ್ ಇದ್ದು, ಅದನ್ನು ಯಾರೋ ಆರಿಸಿದಂತಾದೀತು!

ಈ ಎರಡು ಚಾಕರಿಗಳಿಗೆ ಕನ್ನಡದಲ್ಲಿ ಇಬ್ಬರು ಬೇರೆ ಬೇರೆ ಆಳುಗಳಿದ್ದಾರೆ. ನಾಮಪದದ ಕೈ ಹಿಡಿಯುವ ಕೆಲಸ ವಿಭಕ್ತಿ ಪ್ರತ್ಯಯದ್ದು: ಹೆದ್ದಾರಿಯಿಂದ, ಮನೆಯಲ್ಲಿ, ಊರಿಗೆ. ಕ್ರಿಯಾಪದದ ಕೈ ಹಿಡಿಯುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಇನ್ನೊಂದು ಕ್ರಿಯಾಪದ. ಮಗು ಮಾವಿನ ಹಣ್ಣನ್ನು ‘ತಿಂದಿತು’ ಎನ್ನುವುದಕ್ಕೂ ‘ತಿಂದುಬಿಟ್ಟಿತು’ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೆ? ಎರಡನೆಯ ಮಾತಿನಲ್ಲಿ ತಟ್ಟೆ ಬರಿದಾದುದೂ ಕಾಣುತ್ತದೆ. ‘ಏಟ್’ ಮತ್ತು ‘ಏಟ್ ಅಪ್’ ಎಂಬವುಗಳಿಗಿರುವ ವ್ಯತ್ಯಾಸ ಸರಿಸುಮಾರು ಇದೇ. ‘ರನ್ ಅವೇ’ ಎಂದರೆ ಓಡಿಹೋಗು. ‘ಬರ್ನ್ ಡೌನ್’ ಎಂದರೆ ಸುಟ್ಟುಹೋಗು. ‘ಟ್ರೈ ಔಟ್’ ಎಂದರೆ ಮಾಡಿನೋಡು. ಹೋಗು, ಬಿಡು, ನೋಡು, ಇಡು, ಕೊಳ್ಳು ಎಂಬ ಮನೆಮಾತಿನ ಬಾಲಗಳು ಮಾಡುವ ಚಮತ್ಕಾರವನ್ನೇ ಇಂಗ್ಲಿಷಿನ ಕಿರುಪದಗಳೂ ಮಾಡುತ್ತವೆ.

ಕೋಲಾರ ಸೀಮೆಯ ಮಕ್ಕಳಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಈ ಗಡಿನಾಡಿನಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು ಕಿವಿಗೆ ಬೀಳದ ಸಂತೆಯಿಲ್ಲ. ಕನ್ನಡದ ‘ತಿಂದುಬಿಟ್ಟ’ ತೆಲುಗಿನಲ್ಲಿ ‘ತಿನೇಶಾಡು’, ತಮಿಳಿನಲ್ಲಿ ‘ತಿನ್ರುವಿಟ್ಟಾನ್’, ಉರ್ದುವಿನಲ್ಲಿ ‘ಖಾ ಡಾಲಾ’. ನಾಲ್ಕು ಭಾಷೆಗಳಲ್ಲೂ ಮುಖ್ಯ ಕ್ರಿಯೆಯ ಹಿಂದೆ ಇನ್ನೊಂದು ಕ್ರಿಯೆ ನಿಂತು ಅರ್ಥವನ್ನು ತಿದ್ದುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಶ್ರೀನಿವಾಸಪುರದ ಹುಡುಗಿ ಈ ಪಾಠವನ್ನು ಯಾರೂ ಕಲಿಸದೆಯೇ ಎರಡು ಸಲ ಕಲಿತಿರುತ್ತಾಳೆ. ಅದು ಇಂಗ್ಲಿಷ್ ತರಗತಿಯಲ್ಲಿ ಉಪಯೋಗಕ್ಕೆ ಬರುವ ಬಂಡವಾಳವೆಂದು ಅವಳಿಗೆ ತಿಳಿಸುವವರಿಲ್ಲ, ಅಷ್ಟೆ.

ಹಾಗೆಂದು ಹೋಲಿಕೆಯನ್ನು ಕಣ್ಣು ಮುಚ್ಚಿ ನಂಬಿದರೂ ಅಪಾಯವೇ. ‘ಅದರ ಬಗ್ಗೆ ಚರ್ಚಿಸು’ ಎಂಬ ಕನ್ನಡದ ಅಭ್ಯಾಸದಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆಯುವವರಿದ್ದಾರೆ. ಇಂಗ್ಲಿಷಿಗೆ ಅಲ್ಲಿ ‘ಅಬೌಟ್’ ಬೇಡ. ‘ದೇವರನ್ನು ಅವಲಂಬಿಸು’ ಎನ್ನುವಲ್ಲಿ ಕನ್ನಡಕ್ಕೆ ದ್ವಿತೀಯಾ ವಿಭಕ್ತಿ ಸಾಕು; ‘ಡಿಪೆಂಡ್’ ಎಂಬುದಕ್ಕೆ ‘ಆನ್’ ಬೇಕೇ ಬೇಕು. ಇನ್ನು ‘ಕಾಲ್ಡ್ ಆಫ್’ನಂಥವು ಯಾವ ಲೆಕ್ಕಕ್ಕೂ ಸಿಕ್ಕದ ರೂಢಿಗಳು. ಕನ್ನಡದಲ್ಲಿ ಇಂಥವು ಇಲ್ಲವೆ? ಸ್ನೇಹಿತ ‘ಕೈಕೊಟ್ಟ’ ಎಂಬುದನ್ನು ಓದಿದ ಆಂಗ್ಲನೊಬ್ಬ, ಆ ಪುಣ್ಯಾತ್ಮ ಕಷ್ಟಕಾಲದಲ್ಲಿ ನೆರವಾದನೆಂದು ಸಂತೋಷಪಟ್ಟರೆ ಅವನ ತಪ್ಪೇನು? ಮಾಲೂರಿನ ಯುವಕನೂ ಅವನೂ ಒಂದೇ ದೋಣಿಯ ಪಯಣಿಗರು. ಇಂಥ ರೂಢಿಗಳನ್ನು ಕ್ರಿಯಾಪದ ಮತ್ತು ಬಾಲವೆಂದು ಒಡೆಯದೆ ಒಂದೇ ಪದವಾಗಿ, ಒಂದು ಪೂರ್ಣ ವಾಕ್ಯದೊಡನೆ ಬರೆದಿಟ್ಟುಕೊಳ್ಳುವುದೇ ಮದ್ದು.

ಇಂಗ್ಲಿಷನ್ನು ಒಲಿಸಿಕೊಂಡ ಹಿರಿಯರಿಗೇನೂ ಈ ನೆಲದಲ್ಲಿ ಕೊರತೆಯಿಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಕ್ಕೆ ತಂದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ. ಎ. ಪದವಿ ಪಡೆದು, ಬರವಣಿಗೆಗೆ ಕನ್ನಡವನ್ನೇ ಆರಿಸಿಕೊಂಡರು. ‘ಲಿಯರ್ ಮಹಾರಾಜ’ನನ್ನು ಕನ್ನಡದಲ್ಲಿ ಮಾತನಾಡಿಸಿದರು. ಒಬ್ಬರಿಗೆ ಪದವಿಯಿಲ್ಲ, ಇನ್ನೊಬ್ಬರಿಗೆ ಉನ್ನತ ಪದವಿ. ಇಬ್ಬರೂ ಇಂಗ್ಲಿಷಿನಿಂದ ಕನ್ನಡಕ್ಕೆ ಸೇತುವೆ ಕಟ್ಟಿದವರು. ಪರೀಕ್ಷೆಯ ಅಂಕಪಟ್ಟಿಯೇ ಭಾಷೆಯ ಅಳತೆಗೋಲಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟಕ್ಕೂ ಈ ಕಿರುಪದಗಳು ಕನ್ನಡದ ಮನೆಯೊಳಗೆ ಎಂದೋ ಬಂದು ಕುಳಿತಿವೆ. ‘ಫ್ಯಾನ್ ಆಫ್ ಮಾಡು’, ‘ಮೋಟಾರು ಆನ್ ಮಾಡು’ ಎನ್ನುವ ಅಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಆಕೆ ಇಂಗ್ಲಿಷಿನ ಕ್ರಿಯಾಪದವನ್ನು ಹೊರಗೇ ಬಿಟ್ಟು, ಅದರ ಬಾಲವನ್ನು ಮಾತ್ರ ಒಳಗೆ ಕರೆದುಕೊಂಡು, ‘ಮಾಡು’ ಎಂಬ ಕನ್ನಡದ ಕ್ರಿಯಾಪದಕ್ಕೆ ಗಂಟು ಹಾಕಿದ್ದಾಳೆ. ಅರ್ಥ ಅಡಗಿರುವುದು ಬಾಲದಲ್ಲಿ ಎಂಬುದನ್ನು ಆಕೆ ಯಾವ ವ್ಯಾಕರಣವನ್ನೂ ಓದದೆಯೇ ಬಲ್ಲಳು. ಕಾಗದ ಕೈಗೆ ಬಂದಾಗ ಮೊಮ್ಮಗ ಆ ಬಾಲವನ್ನೊಮ್ಮೆ ನೋಡಿದ್ದರೆ ಸಾಕಿತ್ತು. ರೈಲಿನ ಟಿಕೀಟಿನ ಹಣವಾದರೂ ಉಳಿಯುತ್ತಿತ್ತು.