‘ಸರ್ವರ್ ಇಲ್ಲ’ ಎಂದಾಗ ಕೆಟ್ಟಿದ್ದು ಯಾವುದು?

ನ್ಯಾಮತಿ ಸುತ್ತಿನ ಹಳ್ಳಿಗಳಿಂದ ಜಮೀನಿನ ಋಣಭಾರ ಪತ್ರಕ್ಕೋ (ಇಸಿ) ಪಹಣಿಗೋ ಪೇಟೆಗೆ ಬಂದವರು ಕಂಪ್ಯೂಟರ್ ಸೆಂಟರಿನಲ್ಲಿ ಬಹಳ ಸಲ ಕೇಳಿರುವ ಉತ್ತರ: “ಸರ್ವರ್ ಇಲ್ಲ, ನಾಳೆ ಬನ್ನಿ.” ಆ ‘ನಾಳೆ’ಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಆದರೆ ಪರದೆಯ ಮೇಲಿನ ಒಂದು ಕ್ಲಿಕ್ ಊರಿನ ಇಂಟರ್ನೆಟ್, ಜಾಲತಾಣದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ವೆಬ್ ಸರ್ವರ್, ತಂತ್ರಾಂಶ, ದಾಖಲೆಗಳಿರುವ ಡೇಟಾಬೇಸ್ ಇಷ್ಟನ್ನೂ ದಾಟಬೇಕು. ಇವುಗಳಲ್ಲಿ ಎಲ್ಲಿ ಕೆಟ್ಟರೂ ಕೌಂಟರಿನಲ್ಲಿ ಹೇಳುವ ಮಾತು ಒಂದೇ. ತಾಂತ್ರಿಕ ನೆರವು ತಡವಾಗಲು ಇದೂ ಒಂದು ಕಾರಣ.

2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ರಾಜ್ಯದ ಉದ್ದಗಲಕ್ಕೂ ಕುಂಟುತ್ತಿತ್ತು. ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ನಿಂತಿತು. ಹೊರಗಿನಿಂದ ನೋಡಿದರೆ ಮಾಮೂಲಿ ತಾಂತ್ರಿಕ ದೋಷ. ಒಳಗೆ ನಡೆದದ್ದು ಬೇರೆ. ಸರ್ಕಾರ ಕೊಟ್ಟ ಮಾಹಿತಿಯಂತೆ 62 ಇಮೇಲ್ ಖಾತೆಗಳಿಂದ, 14 ಐಪಿ ವಿಳಾಸಗಳ ಮೂಲಕ, ಎರಡೇ ತಾಸಿನಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದು ಬಿದ್ದಿದ್ದವು. ಇವನ್ನು ಕಳಿಸಿದ್ದು ಮನುಷ್ಯರಲ್ಲ, ಬಾಟ್‌ಗಳು. ಗುರಿ ಇಸಿ ಹುಡುಕಾಟ. ಇಸಿಗಾಗಿ ಡೇಟಾಬೇಸ್ ಹಲವು ವರ್ಷಗಳ ವಹಿವಾಟನ್ನು ಜಾಲಾಡಬೇಕು. ಸಾದಾ ಪುಟ ತೆರೆಯುವುದಕ್ಕಿಂತ ಅದು ಎಷ್ಟೋ ಪಟ್ಟು ಭಾರದ ಕೆಲಸ. ಅಂಥ ಕೋರಿಕೆಗಳೇ ಸಾಲುಗಟ್ಟಿದರೆ ನಿಜವಾದ ಅರ್ಜಿದಾರನ ಸರದಿ ಬರುವುದೇ ಇಲ್ಲ. ಕೊನೆಗೆ ಸೈಬರ್ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು.

ಇಂಥ ದಾಳಿಯ ಸುಳಿವು ಸಿಗುವುದು ಸರ್ವರಿನ ಲಾಗ್‌ಗಳಲ್ಲಿ: ಯಾವ ಕ್ಷಣ, ಯಾವ ವಿಳಾಸದಿಂದ, ಯಾವ ಪುಟಕ್ಕೆ ಕೋರಿಕೆ ಬಂತೆಂಬ ದಾಖಲೆ ಅದು. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದು ಐದು ನಿಮಿಷ ಓಡಿ ಮತ್ತೆ ಮಲಗಬಹುದು.

ಆದರೆ ಎಂಜಿನಿಯರ್ ಎಲ್ಲಿಂದ ಹುಡುಕಬೇಕು ಎಂದು ತೋರಿಸಬಲ್ಲವರು ಕೌಂಟರಿನಲ್ಲಿ ಕೂತವರೇ. ಪರದೆಯಲ್ಲಿ 503 ಎಂದು ಬಂದರೆ ಸರ್ವರ್ ಜೀವಂತವಿದೆ, ಸದ್ಯ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. 504 ಎಂದರೆ ಮುಂಭಾಗದ ಸರ್ವರಿಗೆ ಅದರ ಹಿಂದಿರುವ ಸರ್ವರ್ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ. ಯಾವ ಸಂಖ್ಯೆಯೂ ಇಲ್ಲದೆ ಸೈಟೇ ಸಿಗುತ್ತಿಲ್ಲ ಎಂದರೆ ತಮ್ಮದೇ ಇಂಟರ್ನೆಟ್ಟನ್ನೋ ಡಿಎನ್‌ಎಸ್ಸನ್ನೋ ಮೊದಲು ಅನುಮಾನಿಸಬೇಕು. ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆದು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. “ಸರ್ವರ್ ಡೌನ್ ಸರ್” ಎಂಬ ಫೋನಿಗಿಂತ “11:20ರಿಂದ 504 ಬರ್ತಿದೆ, ಲಾಗಿನ್ ಆಗುತ್ತೆ, ಇಸಿ ಹುಡುಕುವಾಗ ಮಾತ್ರ ನಿಲ್ಲುತ್ತೆ, ಮೊಬೈಲ್‌ನಲ್ಲೂ ಹಾಗೇ” ಎಂಬುದು ಎಂಜಿನಿಯರನ್ನು ನೇರ ಡೇಟಾಬೇಸಿನ ಕಡೆ ತಿರುಗಿಸುತ್ತದೆ.

ದೊಡ್ಡ ಕಂಪನಿಗಳಿಗೂ ಇಂಥ ರಿಪೇರಿ ಸುಲಭವಲ್ಲ. 2021ರ ಅಕ್ಟೋಬರ್ 4ರ ರಾತ್ರಿ 9 ದಾಟುತ್ತಿದ್ದಂತೆ ಭಾರತದಲ್ಲೂ ವಾಟ್ಸ್ಆ್ಯಪ್, ಫೇಸ್‌ಬುಕ್ ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಇವೆರಡನ್ನೂ ನಡೆಸುವ ಕಂಪನಿಯ ಡೇಟಾ ಸೆಂಟರುಗಳನ್ನು ಜೋಡಿಸುವ ಜಾಲವನ್ನೇ ಕಡಿದುಹಾಕಿತ್ತು. ರಿಪೇರಿಗೆ ಬೇಕಾದ ಸಾಧನಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದವು. ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು, ಅಲ್ಲಿನ ಬಿಗಿ ಭದ್ರತೆ ದಾಟಲೂ ಹೊತ್ತು ಹಿಡಿಯಿತು. ಸೇವೆ ಮರಳಲು ಸುಮಾರು ಆರು ತಾಸು ಬೇಕಾಯಿತು.

ಸಹಾಯವಾಣಿಯ ನಂಬರನ್ನು ಕೆಟ್ಟಿರುವ ಜಾಲತಾಣದಲ್ಲೇ ಇಟ್ಟರೆ ನ್ಯಾಮತಿಯ ಆಪರೇಟರಿಗೂ ಇದೇ ಪಾಡು. ಅದು ಗೋಡೆಯ ಮೇಲೂ ಇರಬೇಕು. ದಾಳಿ ನಡೆದಿದ್ದರೆ ಸಂಸ್ಥೆಯ ಹೊಣೆ ಇನ್ನೂ ಹೆಚ್ಚು: 2022ರ ನಿಯಮದಂತೆ ಅದು ಗಮನಕ್ಕೆ ಬಂದ ಆರು ತಾಸಿನೊಳಗೆ ಕೇಂದ್ರದ ಸೈಬರ್ ತುರ್ತು ತಂಡವಾದ ಸರ್ಟ್-ಇನ್‌ಗೆ ವರದಿ ತಲುಪಬೇಕು.