ಪಾಲಿಕೆ ಅಭ್ಯರ್ಥಿಯ ಭರವಸೆ: ಕೈಗೆ ಎಟುಕುವುದೆಷ್ಟು, ಎಟುಕದಿರುವುದೆಷ್ಟು?

ಬೆಂಗಳೂರು: ಮಹಾನಗರ ಪಾಲಿಕೆ ಚುನಾವಣೆಗೆ ಸ್ಪರ್ಧಿಸುವ ಅಭ್ಯರ್ಥಿಯ ಕರಪತ್ರವನ್ನು ರಾಜ್ಯದ ಯಾವುದೇ ನಗರದಲ್ಲಿ ತೆಗೆದು ನೋಡಿದರೂ ಅದರಲ್ಲಿರುವ ಪಟ್ಟಿ ಹೆಚ್ಚುಕಡಿಮೆ ಒಂದೇ. ಕುಡಿಯುವ ನೀರು, ಡಾಂಬರು ರಸ್ತೆ, ಬೀದಿದೀಪ, ಕಸ ವಿಲೇವಾರಿ, ಉದ್ಯಾನ, ಬಸ್ ಸೌಕರ್ಯ, ನಿರಂತರ ವಿದ್ಯುತ್ ಎಲ್ಲವನ್ನೂ 'ಆದ್ಯತೆಯ ಮೇರೆಗೆ' ಒದಗಿಸುವುದಾಗಿ ಅಭ್ಯರ್ಥಿ ಭರವಸೆ ನೀಡಿರುತ್ತಾರೆ. ಆದರೆ ಗೆದ್ದು ಬಂದ ಸದಸ್ಯರಿಗೆ ಇವುಗಳಲ್ಲಿ ಎಷ್ಟರ ಮೇಲೆ ಅಧಿಕಾರವಿದೆ ಎಂಬುದನ್ನು ಕರಪತ್ರ ಹೇಳುವುದಿಲ್ಲ. ಮತ ನೀಡುವ ಮುನ್ನ ಅದನ್ನು ತಿಳಿದುಕೊಳ್ಳುವುದು ಅಗತ್ಯ.

ಕಾನೂನು ಏನು ಹೇಳುತ್ತದೆ?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನಮಾನ ನೀಡಿತು. ಅದರೊಂದಿಗೆ ಸೇರ್ಪಡೆಯಾದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ನಗರ ಯೋಜನೆ, ರಸ್ತೆ ಮತ್ತು ಸೇತುವೆ, ನೀರು ಸರಬರಾಜು, ಸಾರ್ವಜನಿಕ ಆರೋಗ್ಯ, ಅಗ್ನಿಶಾಮಕ ಸೇವೆ, ಕೊಳೆಗೇರಿ ಸುಧಾರಣೆ, ಸ್ಮಶಾನ, ಜನನ-ಮರಣ ನೋಂದಣಿ ಇವುಗಳಲ್ಲಿ ಕೆಲವು. ಆದರೆ ಇವುಗಳನ್ನು ಸ್ಥಳೀಯ ಸಂಸ್ಥೆಗೆ ವಹಿಸಿಕೊಡುವ ನಿರ್ಧಾರವನ್ನು ಸಂವಿಧಾನ ರಾಜ್ಯ ಶಾಸಕಾಂಗಕ್ಕೆ ಬಿಟ್ಟಿದೆ. ಗೊಂದಲದ ಮೂಲ ಇಲ್ಲಿದೆ.

ಬೆಂಗಳೂರಿನಲ್ಲಿ ನೀರು ಮತ್ತು ಒಳಚರಂಡಿ ಜಲಮಂಡಳಿಯ ಹೊಣೆ. ಬಸ್ಸು ಬಿಎಂಟಿಸಿಯದು, ವಿದ್ಯುತ್ ಬೆಸ್ಕಾಂನದು, ಸಂಚಾರ ನಿಯಂತ್ರಣ ಪೊಲೀಸರದು. ಇವು ಯಾವುವೂ ಪಾಲಿಕೆಯ ಸಭೆಗೆ ಉತ್ತರದಾಯಿಗಳಲ್ಲ. ಮೈಸೂರಿನಲ್ಲಾದರೋ ವಾಣಿವಿಲಾಸ ನೀರು ಸರಬರಾಜು ವಿಭಾಗವು ಪಾಲಿಕೆಯ ಅಂಗವೇ ಆಗಿದೆ. ಹೀಗಾಗಿ ಒಂದೇ ಭರವಸೆಗೆ ಎರಡು ನಗರಗಳಲ್ಲಿ ಎರಡು ಬೆಲೆ.

ನೀರಿನ ಉದಾಹರಣೆ

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಈ ನಡುವೆ 2010 ಮತ್ತು 2015ರಲ್ಲಿ ಎರಡು ಪಾಲಿಕೆ ಚುನಾವಣೆಗಳು ನಡೆದುಹೋದವು. ಯೋಜನೆಯ ಹಣ, ಅನುಮತಿ, ಕಾಮಗಾರಿ ಯಾವುದೂ ವಾರ್ಡ್ ಸದಸ್ಯರ ಕೈಯಲ್ಲಿರಲಿಲ್ಲ. ಕೊಳವೆಗಾಗಿ ಅಗೆದ ರಸ್ತೆಯನ್ನು ಸಕಾಲದಲ್ಲಿ ಮುಚ್ಚಿಸುವಂತೆ ಅವರು ಪಟ್ಟು ಹಿಡಿಯಬಹುದಿತ್ತು. ಜನರ ದೂರುಗಳು ಹೆಚ್ಚಾಗಿ ಬಂದದ್ದೂ ಆ ಬಗ್ಗೆಯೇ.

ಸದಸ್ಯರ ಕೈಯಲ್ಲಿರುವುದು

ಹಾಗೆಂದು ಪಾಲಿಕೆ ಸದಸ್ಯರಿಗೆ ಅಧಿಕಾರವೇ ಇಲ್ಲವೆಂದಲ್ಲ. ಬಜೆಟ್‌ಗೆ ಅನುಮೋದನೆ ನೀಡುವುದು, ಆಸ್ತಿ ತೆರಿಗೆಯ ಬಗ್ಗೆ ಚರ್ಚಿಸುವುದು, ಸ್ಥಾಯಿ ಸಮಿತಿಗಳಲ್ಲಿ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಪರಿಶೀಲಿಸುವುದು ಅವರ ಕರ್ತವ್ಯ. ರಸ್ತೆ ಬದಿಯ ಚರಂಡಿ, ಪಾದಚಾರಿ ಮಾರ್ಗ, ಬೀದಿದೀಪ, ಉದ್ಯಾನ, ಹಸಿ ಕಸ ಮತ್ತು ಒಣ ಕಸದ ವಿಂಗಡಣೆಯ ಮೇಲ್ವಿಚಾರಣೆ ಇವೆಲ್ಲ ವಾರ್ಡ್ ಮಟ್ಟದಲ್ಲಿ ಫಲ ಕಾಣಬಹುದಾದ ಕೆಲಸಗಳು. ಮಳೆಗಾಲಕ್ಕೆ ಮುನ್ನ ಚರಂಡಿಯ ಹೂಳು ತೆಗೆಸುವುದು ದೊಡ್ಡ ಯೋಜನೆಯಲ್ಲ. ಆದರೆ ಅದನ್ನು ಮರೆತರೆ ತಗ್ಗಿನ ಬಡಾವಣೆಯ ಮನೆಗಳಿಗೆ ನೀರು ನುಗ್ಗುತ್ತದೆ.

ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಈ ಸಮಿತಿಯನ್ನು ನಿಯಮಿತವಾಗಿ ಕರೆಯುವ ಸದಸ್ಯರು ತಮ್ಮ ಅಧಿಕಾರವನ್ನು ನಾಗರಿಕರೊಡನೆ ಹಂಚಿಕೊಳ್ಳುತ್ತಾರೆ. ಕರೆಯದಿದ್ದರೆ ಕಾಮಗಾರಿಯ ಪಟ್ಟಿ ಎಂಜಿನಿಯರ್ ಮತ್ತು ಗುತ್ತಿಗೆದಾರರ ನಡುವೆಯೇ ಉಳಿಯುತ್ತದೆ.

ಮೇಯರ್ ಹುದ್ದೆಯ ಮಿತಿ

ಆಡಳಿತದ ಕಾರ್ಯನಿರ್ವಾಹಕ ಅಧಿಕಾರವು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರಲ್ಲಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ಮೇಯರ್ ಅವಧಿ ಒಂದೇ ವರ್ಷ. ಕಡತಗಳ ಪರಿಚಯವಾಗುವಷ್ಟರಲ್ಲಿ ಅಧಿಕಾರ ಮುಗಿದಿರುತ್ತದೆ. ಮೇಯರ್ ಆಯ್ಕೆಯಲ್ಲಿ ಶಾಸಕರು ಮತ್ತು ಸಂಸದರಿಗೂ ಮತವಿದೆ. 2015ರಲ್ಲಿ ಬೆಂಗಳೂರಿನ 198 ವಾರ್ಡ್‌ಗಳಲ್ಲಿ 100ನ್ನು ಬಿಜೆಪಿ ಗೆದ್ದಿದ್ದರೂ ಮೇಯರ್ ಸ್ಥಾನ ಕಾಂಗ್ರೆಸ್-ಜೆಡಿಎಸ್ ಮೈತ್ರಿಕೂಟದ ಪಾಲಾಯಿತು.

ಸದಸ್ಯರೇ ಇಲ್ಲದ ವರ್ಷಗಳು

ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಕೊನೆಗೊಂಡಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 243ಯು ವಿಧಿ ಹೇಳಿದರೂ, ವಾರ್ಡ್ ಮರುವಿಂಗಡಣೆ, ಮೀಸಲಾತಿ ಮತ್ತು ನ್ಯಾಯಾಲಯದ ವ್ಯಾಜ್ಯಗಳ ನಡುವೆ ನಗರವು ಐದು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಕೌನ್ಸಿಲ್ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. 2022ರ ಸೆಪ್ಟೆಂಬರ್‌ನ ಪ್ರವಾಹ, 2024ರ ಬೇಸಿಗೆಯ ನೀರಿನ ಅಭಾವ ಎರಡೂ ಬಂದದ್ದು ಈ ಅವಧಿಯಲ್ಲಿ. ನೀರು ನುಗ್ಗಿದ ಮನೆಯವರಿಗೆ ಬಾಗಿಲು ತಟ್ಟಲು ವಾರ್ಡ್ ಸದಸ್ಯರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಅವುಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯವರೇ ಅಧ್ಯಕ್ಷರು.

ಮತದಾರರು ಕೇಳಬೇಕಾದದ್ದು

ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಕೆಲವು ನೇರ ಪ್ರಶ್ನೆಗಳಿಂದ ಅಳೆಯಬಹುದು. ವಾರ್ಡ್ ಸಮಿತಿಯ ಸಭೆಯನ್ನು ತಿಂಗಳಿಗೊಮ್ಮೆ ಕರೆಯುವಿರಾ? ಕಾಮಗಾರಿಯ ಮೊತ್ತ ಮತ್ತು ಗುತ್ತಿಗೆದಾರರ ಹೆಸರನ್ನು ಫಲಕದಲ್ಲಿ ಹಾಕಿಸುವಿರಾ? ಐದು ವರ್ಷಗಳಲ್ಲಿ ಮಾಡುವ ಮೊದಲ ಮೂರು ಕೆಲಸಗಳಾವುವು, ಅವುಗಳಿಗೆ ಹಣ ಎಲ್ಲಿಂದ? ನಿಮ್ಮ ವ್ಯಾಪ್ತಿಗೆ ಬಾರದ ಕೆಲಸಕ್ಕೆ ಯಾವ ಇಲಾಖೆಯ ಮೇಲೆ ಒತ್ತಡ ತರುವಿರಿ?

ಬೆಂಗಳೂರಿನ 2010 ಮತ್ತು 2015ರ ಚುನಾವಣೆಗಳೆರಡರಲ್ಲೂ ಮತದಾನ ಶೇಕಡ 50ನ್ನು ತಲುಪಲಿಲ್ಲ. ಮನೆಯ ಮುಂದಿನ ಚರಂಡಿಯ ವಿಷಯದಲ್ಲಿ ವಿಧಾನಸಭಾ ಚುನಾವಣೆಗಿಂತ ಹತ್ತಿರದ್ದು ಪಾಲಿಕೆ ಚುನಾವಣೆ. ತನ್ನಿಂದ ಆಗದ್ದನ್ನು ಆಗದೆಂದು ಹೇಳಿ, ಆಗುವುದನ್ನು ಲೆಕ್ಕಸಮೇತ ವಿವರಿಸುವ ಅಭ್ಯರ್ಥಿ ಸಿಕ್ಕಿದರೆ, ಅವರ ಪಟ್ಟಿ ಚಿಕ್ಕದಾಗಿದ್ದರೂ ಗಮನವಿಟ್ಟು ಓದುವುದು ಒಳಿತು.