ಎತ್ತಿದ ಕೈಯ ಹಿಂದೆ

ಹೂವಿನ ಹಡಗಲಿ ತಾಲ್ಲೂಕಿನ ಹೊಳಲು ಅನಂತಶಯನನ ಊರು. ಶೇಷನ ಸುರುಳಿಯ ಮೇಲೆ ಪವಡಿಸಿದ ಆ ಶಿಲಾಮೂರ್ತಿಯ ಎದುರು ಕ್ಷಣಕಾಲ ನಿಂತವರಿಗೆ, ಲೋಕದಲ್ಲಿ ಕಲಹವೆಂಬುದೇ ಇಲ್ಲವೇನೋ ಎಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ. ಅದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಕೂಡುತ್ತಾರೆ. ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ಅಷ್ಟೂ ಜನಸ್ತೋಮ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಒಂದೇ ಒಂದು ಮಾತಿಗೆ ಗುಂಪು ತಣ್ಣಗಾಗುವ ಈ ಸೋಜಿಗವನ್ನು ಬಳ್ಳಾರಿ ಸೀಮೆಯವರು ವರ್ಷವರ್ಷವೂ ಕಾಣುತ್ತ ಬಂದಿದ್ದಾರೆ.

ಒಂದೇ ಒಂದು ಮಾತಿಗೆ ಗುಂಪು ಉರಿದೇಳುವುದನ್ನೂ ಇದೇ ತುಂಗಭದ್ರೆಯ ದಂಡೆ ಕಂಡಿದೆ.

ಹಡಗಲಿಯ ಸೀಮೆಯನ್ನು ಬಳಸಿ ಹರಿದ ಹೊಳೆ ಹೊಸಪೇಟೆಯ ಅಣೆಕಟ್ಟಿನಲ್ಲಿ ತಂಗಿ, ಮುಂದೆ ಎಡದಂಡೆಯ ಗಂಗಾವತಿಯನ್ನು ಭತ್ತದ ಕಣಜವಾಗಿ ಮಾಡಿದೆ. ಆ ಗಂಗಾವತಿ ತಾಲ್ಲೂಕಿಗೆ ಸೇರಿದ ಹಳ್ಳಿ ಮರಕುಂಬಿ. 2014ರ ಆಗಸ್ಟ್ 28ರಂದು ಅಲ್ಲಿಯ ದಲಿತರ ಕೇರಿಯ ಮೇಲೆ ಗುಂಪೊಂದು ಏರಿಹೋಯಿತು. ಕಲ್ಲು, ದೊಣ್ಣೆ, ಇಟ್ಟಿಗೆಗಳಿಂದ ಜನರನ್ನು ಹೊಡೆದರು, ಗುಡಿಸಲುಗಳಿಗೆ ಬೆಂಕಿಯಿಟ್ಟರು. ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಎರಡು ಕಡೆಯ ತರುಣರಿಗೆ ಜಗಳವಾಯಿತೆಂಬ ಸುದ್ದಿ ಊರಿಗೆ ಬಂದು ಮುಟ್ಟಿದ್ದೇ ಇದಕ್ಕೆ ನೆಪ.

ಸಿನಿಮಾ ನೋಡಲು ಹೋದ ಹುಡುಗರು ಕೈ ಕೈ ಮಿಲಾಯಿಸುವುದು ನಾಡಿಗೆ ಹೊಸತಲ್ಲ. ಅಂಥ ಜಗಳಗಳೆಲ್ಲ ಊರಿಗೆ ಊರೇ ಎದ್ದು ಗುಡಿಸಲು ಸುಡುವಲ್ಲಿಗೆ ಮುಟ್ಟುವುದಿಲ್ಲ. ಹಾಗಾದರೆ ಮರಕುಂಬಿಯಲ್ಲಿ ಕಿಡಿ ಬಿದ್ದ ಕಡೆ ಮದ್ದು ಮೊದಲೇ ಹರಡಿದ್ದಿರಬೇಕಲ್ಲವೆ? ಹರಡಿದ್ದಿತು. ಊರಿನ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿರಲಿಲ್ಲ. ಅದನ್ನು ಅವರು ಪ್ರಶ್ನಿಸಿದ್ದರು. ಎರಡು ಪಂಗಡಗಳ ನಡುವೆ ಆ ಕುರಿತು ಮನಸ್ತಾಪ ಬೆಳೆದಿತ್ತು. ಚಿತ್ರಮಂದಿರದ ಜಗಳ ಕಡ್ಡಿ ಗೀರಿದಂತಾಯಿತು, ಅಷ್ಟೆ.

ಹಲ್ಲೆಗಳ ಕಾರಣವನ್ನು ಹುಡುಕುವವರು ಸಾಮಾನ್ಯವಾಗಿ ಕುಡಿತ, ಬಡತನ, ಅವಿದ್ಯೆ, ಬಿಸಿರಕ್ತ ಎಂದು ಹೇಳಿ ಮುಗಿಸುತ್ತಾರೆ. ಅವೂ ಇಲ್ಲವೆಂದಲ್ಲ. ಆದರೆ ಕುಡಿದವನು ಎಲ್ಲರನ್ನೂ ಹೊಡೆಯುವುದಿಲ್ಲವೆಂಬುದನ್ನು ಗಮನಿಸಬೇಕು. ಅಮಲು ಎಷ್ಟೇ ಏರಿರಲಿ, ತಿರುಗಿ ಹೊಡೆಯಬಲ್ಲವನ ಮೇಲೆ, ಅಧಿಕಾರವುಳ್ಳವನ ಮೇಲೆ ಅವನ ಕೈ ಏಳುವುದು ಅಪರೂಪ. ಏಟು ಕೆಳಮುಖವಾಗಿ ಹರಿಯುವ ನೀರಿನಂತೆ. ತಗ್ಗಿನಲ್ಲಿದ್ದವನು ತಗ್ಗಿಯೇ ಇರುವತನಕ ಊರು 'ಶಾಂತ'ವಾಗಿರುತ್ತದೆ. ಅವನು ಕುರ್ಚಿಯಲ್ಲಿ ಕುಳಿತ ದಿನ, ಚಹದ ಲೋಟವನ್ನು ಎಲ್ಲರಂತೆ ಎತ್ತಿಕೊಂಡ ದಿನ ಆ ಶಾಂತಿಯ ಬಣ್ಣ ಬಯಲಾಗುತ್ತದೆ.

ಇದಕ್ಕೆ ಹಳೆಯದೊಂದು ನಿದರ್ಶನವುಂಟು. 1927ರ ಮಾರ್ಚ್ 20ರಂದು ಕೊಂಕಣದ ಮಹಾಡದಲ್ಲಿ ಡಾ. ಅಂಬೇಡ್ಕರರು ತಮ್ಮ ಜನರೊಡನೆ ಚವದಾರ ಕೆರೆಗೆ ನಡೆದು ನೀರು ಕುಡಿದರು. ಕೆರೆ ಪುರಸಭೆಯದು, ಎಲ್ಲರಿಗೂ ತೆರೆದದ್ದೆಂದು ಆ ಪುರಸಭೆಯೇ ಠರಾವು ಮಾಡಿತ್ತು. ಇನ್ನು ಇವರು ವೀರೇಶ್ವರನ ಗುಡಿಯನ್ನೂ ಹೊಗುತ್ತಾರೆಂಬ ಗಾಳಿಮಾತು ಆ ಹೊತ್ತಿಗೇ ಪೇಟೆಯಲ್ಲಿ ಹಬ್ಬಿತು. ಸಭೆಯಿಂದ ಚದುರುತ್ತಿದ್ದವರ ಮೇಲೆ, ಊಟಕ್ಕೆ ಕುಳಿತವರ ಮೇಲೆ ದೊಣ್ಣೆಗಳು ಬಿದ್ದವು. ಅಂಬೇಡ್ಕರರ ಸುತ್ತ ನಿಂತವರಲ್ಲಿ ತಿರುಗಿ ಹೊಡೆಯುವ ಶಕ್ತಿ ಇಲ್ಲದಿರಲಿಲ್ಲ. ಅವರು ತಡೆದರು, ಪೊಲೀಸರ, ನ್ಯಾಯಾಲಯದ ದಾರಿ ಹಿಡಿದರು. ಕೆರೆಯ ಹಕ್ಕಿನ ವ್ಯಾಜ್ಯವನ್ನು ಬೊಂಬಾಯಿ ಹೈಕೋರ್ಟು ಅವರ ಪರವಾಗಿ ತೀರ್ಮಾನಿಸಿದ್ದು 1937ರಲ್ಲಿ, ಹತ್ತು ವರ್ಷಗಳ ಮೇಲೆ.

ಮರಕುಂಬಿಗೂ ಹತ್ತು ವರ್ಷಗಳೇ ಹಿಡಿದವು. ನೂರಕ್ಕೂ ಮಿಕ್ಕಿದ ಆರೋಪಿಗಳಲ್ಲಿ ಕೆಲವರು ವಿಚಾರಣೆ ಮುಗಿಯುವುದರೊಳಗೆ ತೀರಿಕೊಂಡರು. ಸಾಕ್ಷಿಯೊಬ್ಬನ ಕೊಲೆಯೂ ನಡೆಯಿತು. ಆದರೂ ಉಳಿದವರು ಕಟಕಟೆ ಹತ್ತಿ, ಕಂಡದ್ದನ್ನು ಕಂಡಂತೆ ನುಡಿದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ವಿಧಿಸಿತು. 98 ಮಂದಿಗೆ ಜೀವಾವಧಿ. ಮೂವರಿಗೆ ಐದು ವರ್ಷ. ಆ ಮೂವರು ತಾವೇ ಪರಿಶಿಷ್ಟ ಜಾತಿ ಪಂಗಡಗಳಿಗೆ ಸೇರಿದವರಾದುದರಿಂದ ದೌರ್ಜನ್ಯ ತಡೆ ಕಾಯಿದೆ ಅವರಿಗೆ ಅನ್ವಯಿಸಲಿಲ್ಲ. ಗುಂಪು ಸೇರಿದ ಮೇಲೆ ಮನುಷ್ಯ ಯಾರ ಪರ, ಯಾರ ವಿರುದ್ಧ ಎಂಬ ಪರಿವೆಯೂ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಈ ತೀರ್ಪಿನ ಬೆಲೆ ತಿಳಿಯಬೇಕಾದರೆ ಕಂಬಾಲಪಲ್ಲಿಯನ್ನು ನೆನೆಯಬೇಕು. 2000ದ ಮಾರ್ಚ್ 11ರ ರಾತ್ರಿ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ನಾಡೇ ನಡುಗಿತು. ಆದರೆ ವಿಚಾರಣೆ ಬರುವ ವೇಳೆಗೆ ಸಾಕ್ಷಿಗಳು ಒಬ್ಬರ ಹಿಂದೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ. ಕೊಂದವರು ಮಾತ್ರ ಯಾರೂ ಇಲ್ಲ! ಸಾಕ್ಷಿಗಳನ್ನು ಹಳಿಯುವುದು ಸುಲಭ. ಯಾರ ಹೊಲದಲ್ಲಿ ಕೂಲಿ ಮಾಡಿ ಮಕ್ಕಳ ಹೊಟ್ಟೆ ಹೊರೆಯಬೇಕೋ ಅವರ ವಿರುದ್ಧ ಬೆರಳು ತೋರಿ, ಸಂಜೆಗೆ ಅದೇ ಊರಿನ ಬಸ್ಸು ಹತ್ತಬೇಕಾದವನ ಎದೆಯ ಡವಡವವನ್ನು ಪೇಟೆಯಲ್ಲಿ ಕುಳಿತು ಅಳೆಯಲಾಗದು.

ಕಾನೂನಿಗೆ ಇದು ತಿಳಿಯದೆ ಇಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಗೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದು, ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣವೆಚ್ಚ, ಪುನರ್ವಸತಿಗಳ ಹಕ್ಕನ್ನು ಕೊಟ್ಟಿದೆ. ಡಿ.ವೈ.ಎಸ್.ಪಿ. ದರ್ಜೆಗೆ ಕಡಮೆಯಲ್ಲದ ಅಧಿಕಾರಿಯೇ ತನಿಖೆ ಮಾಡತಕ್ಕದ್ದು. ಕರ್ತವ್ಯದಲ್ಲಿ ಬೇಕೆಂದೇ ಉಪೇಕ್ಷೆ ತೋರಿದ ಸರಕಾರಿ ನೌಕರನಿಗೂ ಶಿಕ್ಷೆಯುಂಟು. ಆರೋಪಪಟ್ಟಿ ಸಲ್ಲಿಸಿದ ಎರಡು ತಿಂಗಳಲ್ಲಿ, ಸಾಧ್ಯವಾದಮಟ್ಟಿಗೆ, ವಿಚಾರಣೆ ಮುಗಿಯಬೇಕೆಂಬ ಮಾತೂ ಅದರಲ್ಲಿದೆ. ಎರಡು ತಿಂಗಳೆಲ್ಲಿ, ಹತ್ತು ವರ್ಷವೆಲ್ಲಿ! ಕಾಗದದ ಮೇಲಿನ ಕಬ್ಬು ಸಿಹಿಯಾಗುವುದಿಲ್ಲವೆಂದು ಹಿರಿಯರು ನಗಬಹುದು. ಆದರೂ ಆ ಕಾಗದವಿಲ್ಲದಿದ್ದರೆ ಕೊಪ್ಪಳದ ತೀರ್ಪೂ ಇರುತ್ತಿರಲಿಲ್ಲ.

ಪೆಟ್ಟು ತಿಂದವರು ಯಾವ ಜಾತಿಯವರೇ ಆಗಲಿ, ಮೊದಲ ಒಂದೆರಡು ದಿನಗಳಲ್ಲಿ ಮಾಡಿದ ಕೆಲಸವೇ ಕಡೆಯತನಕ ನಿಲ್ಲುವುದು. ಗಾಯ ಮಾಯುವ ಮುನ್ನ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ ಬರೆಸಬೇಕು. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ ಪ್ರಕಾರ, ಸಂಜ್ಞೇಯ ಅಪರಾಧದ ದೂರನ್ನು, ಸ್ಥಳ ಯಾವ ಠಾಣೆಯ ಸರಹದ್ದೇ ಆಗಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ದೂರಿನ ಪ್ರತಿಯನ್ನು ಬಿಟ್ಟಿಯಾಗಿ ಪಡೆಯುವುದು ದೂರುದಾರನ ಹಕ್ಕು. ಇಷ್ಟರಲ್ಲಿ ಊರ ಹಿರಿಯರು ಬಂದು 'ಆದದ್ದಾಯಿತು, ಒಂದೇ ಊರಲ್ಲಿ ಬಾಳುವವರು, ರಾಜಿಯಾಗಿರಪ್ಪ' ಎನ್ನುವುದೂ ಉಂಟು. ಬದುವಿನ ಜಗಳಕ್ಕೆ ಆ ಮಾತು ಒಪ್ಪೀತು. ಆದರೆ ರಾಜಿಯೆಂಬುದು ಸಮಾನರ ನಡುವೆ ಆಗುವ ವ್ಯವಹಾರ. ಹೊಡೆದವನು ಮೇಲೆ, ಹೊಡೆಸಿಕೊಂಡವನು ಕೆಳಗೆ ಕುಳಿತ ಪಂಚಾಯಿತಿಯಲ್ಲಿ ಆಗುವುದು ರಾಜಿಯಲ್ಲ, ಎರಡನೆಯ ಏಟು.

ಇನ್ನು ಆ ಕ್ಷೌರದಂಗಡಿಯ ಮಾತು. ಬಾಗಿಲು ಹಾಕಿಕೊಂಡ ಕ್ಷೌರಿಕನನ್ನೇ ಖಳನಾಯಕನನ್ನಾಗಿ ಮಾಡಿದರೆ ಅರ್ಧ ಸತ್ಯ ಕೈತಪ್ಪುತ್ತದೆ. ಊರವರು ಸುಗ್ಗಿಯಲ್ಲಿ ಕೊಡುತ್ತಿದ್ದ ಆಯದ ಕಾಳಿನಿಂದ ಬಾಳಿದ ಮನೆತನ ಅದು; ಈಗ ರೊಕ್ಕದ ಕಾಲ ಬಂದಿದ್ದರೂ ಗಿರಾಕಿಗಳು ಅವರೇ. ಒಬ್ಬನಿಗೆ ಕತ್ತರಿ ಹಿಡಿದರೆ ಹತ್ತು ಮಂದಿ ಅಂಗಡಿ ಬಿಟ್ಟಾರೆಂಬ ಭಯ ಅವನಿಗೆ. ಇಂಥ ಊರುಗಳಲ್ಲಿ ಪಂಚಾಯಿತಿಯ ವತಿಯಿಂದಲೇ ಕ್ಷೌರದಂಗಡಿ ತೆರೆಯುವ ಪ್ರಸ್ತಾಪ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಿಂದ ಬಂದಿತ್ತು. ಸದುದ್ದೇಶವೇನೋ ದಿಟ. ಆದರೆ ಬೇರೆ ಅಂಗಡಿ ತೆರೆದು ಹಳೆಯದರ ಬಾಗಿಲನ್ನು ಮುಚ್ಚಿಯೇ ಬಿಟ್ಟರೆ, ಬೇಲಿಗೆ ಸರಕಾರವೇ ಗೂಟ ನೆಟ್ಟಂತಾಗದೆ? ಅದಕ್ಕಿಂತ, ಊರಿನ ನಾಲ್ಕು ಮಂದಿ ಪ್ರಮುಖರು ದಲಿತನೊಬ್ಬನ ಪಕ್ಕದ ಕುರ್ಚಿಯಲ್ಲಿ ಕುಳಿತು ಮುಖಕ್ಷೌರ ಮಾಡಿಸಿಕೊಂಡರೆ ಕ್ಷೌರಿಕನ ಭಯವೂ ತೀರೀತು, ಖರ್ಚೂ ಇಲ್ಲ.

ಇದು ಹಳ್ಳಿಯ ಕಥೆ, ನಮಗೇತಕ್ಕೆ ಎನ್ನುವ ಪೇಟೆಯ ಮನೆಗಳಿಲ್ಲದಿಲ್ಲ. ಮುಸುರೆ ತಿಕ್ಕುವ ಹೆಂಗಸಿಗೆ ಕಾಫಿ ಕೊಡುವ ಲೋಟ ಹಿತ್ತಲ ಗೂಡಿನಲ್ಲಿ ಬೇರೆಯಾಗಿ ಇರುವ ಮನೆಗಳು ಬಡಾವಣೆಗಳಲ್ಲಿ ಇನ್ನೂ ಇವೆ. ಅಲ್ಲಿ ಯಾರೂ ಯಾರ ಮೇಲೂ ಕೈಯೆತ್ತುವುದಿಲ್ಲ. ಆದರೆ ಆ ಲೋಟವನ್ನು ದಿನವೂ ನೋಡುತ್ತ ಬೆಳೆಯುವ ಮಗು, ಯಾರ ಮೇಲೆ ರೇಗಬಹುದು, ಯಾರ ಮೇಲೆ ರೇಗಬಾರದು ಎಂಬ ಲೆಕ್ಕವನ್ನು ಮಗ್ಗಿಗಿಂತ ಮುಂಚೆ ಕಲಿಯುತ್ತದೆ.

ಕೊಪ್ಪಳದ ತೀರ್ಪಿನ ದಿನ ನ್ಯಾಯಾಲಯದ ಹೊರಗೆ ಶಿಕ್ಷೆಗೊಳಗಾದವರ ಮನೆಯವರು ಗೋಳಾಡಿದರು. ಅಂದು ದೊಣ್ಣೆ ಹಿಡಿದ ತರುಣರಲ್ಲಿ ಅನೇಕರು ಈ ಹತ್ತು ವರ್ಷಗಳಲ್ಲಿ ಗೃಹಸ್ಥರಾಗಿದ್ದರು. ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಯಿತು. 2024ರ ನವೆಂಬರಿನಲ್ಲಿ ಬಹುಪಾಲು ಮಂದಿಗೆ ಜಾಮೀನು ದೊರೆಯಿತು. ಸಾಕ್ಷಿ ಹೇಳಿದವರ ಮನೆಗಳೂ, ಜಾಮೀನು ಪಡೆದವರ ಮನೆಗಳೂ ಇರುವುದು ಅದೇ ಮರಕುಂಬಿಯಲ್ಲಿ.